ಬೇಸಿಗೆಯೂ ಸಾಕುಪ್ರಾಣಿಗಳೂ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಬಿಳಿಚೋಡು ಎಂಬ ಊರು ಸಿಗುತ್ತದೆ. ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಇದೂ ಒಂದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ನೆಲದ ಗುಣ ಬದಲಾಗಲಿಲ್ಲ. ಮುಂಗಾರನ್ನು ನಂಬಿ ಬಿತ್ತುವ, ಮಳೆ ಕೈಕೊಟ್ಟರೆ ಮುಗಿಲು ನೋಡುವ ಬಯಲುಸೀಮೆಯ ನಾಡು ಇದು. ಯುಗಾದಿ ಕಳೆಯುತ್ತಲೇ ಇಲ್ಲಿ ಬಿಸಿಲು ಬಲಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಉಷ್ಣತೆಯು 38, 39 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಹೊಲಗಳು ಬರಿದಾಗಿ, ಕಟ್ಟೆಗಳ ತಳ ಬಿರುಕುಬಿಟ್ಟು, ದೂರದ ದಾರಿಯ ಮೇಲೆ ಬಿಸಿಲುಗುದುರೆ ಕುಣಿಯತೊಡಗುತ್ತದೆ.

ಇಂಥ ಹೊತ್ತಿನಲ್ಲಿ ಮನುಷ್ಯನು ಮನೆಯೊಳಗೆ ಸೇರಿಕೊಳ್ಳುತ್ತಾನೆ. ಬಾಯಾರಿದರೆ ಎದ್ದು ಹೋಗಿ ಮಡಕೆಯ ನೀರು ಕುಡಿಯುತ್ತಾನೆ. ಗೂಟಕ್ಕೆ ಕಟ್ಟಿದ ಹಸುವಿನ ಗತಿಯೇನು? ಬೆಳಿಗ್ಗೆ ಎಂಟು ಗಂಟೆಗೆ ಬೇವಿನ ಮರದ ಪಡುವಣ ಬದಿಯಲ್ಲಿ ದಟ್ಟವಾದ ನೆರಳಿರುತ್ತದೆ. ಮನೆಯವರು ಅಲ್ಲಿ ಗೂಟ ಹೊಡೆದು, ಎರಡು ಮಾರು ಹಗ್ಗದಲ್ಲಿ ಹಸುವನ್ನು ಕಟ್ಟಿ, ನೆರಳಿನಲ್ಲಿ ಕಟ್ಟಿದೆವೆಂಬ ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತಾರೆ. ಆದರೆ ಸೂರ್ಯನು ನಿಲ್ಲುವವನಲ್ಲ. ಹೊತ್ತು ಏರಿದಂತೆ ನೆರಳು ಮರದ ಬುಡಕ್ಕೆ ಕುಗ್ಗುತ್ತದೆ. ಇಳಿಹೊತ್ತಾದಂತೆ ಮೂಡಣ ಬದಿಗೆ ಸರಿಯುತ್ತದೆ. ಎರಡು ಗಂಟೆಯ ವೇಳೆಗೆ ಗೂಟವಿದ್ದ ಜಾಗದಲ್ಲಿ ಉರಿಬಿಸಿಲು. ನೆರಳು ಹತ್ತು ಹೆಜ್ಜೆಯ ಆಚೆಗೆ ಕಣ್ಣಿಗೆ ಕಾಣುತ್ತಿರುತ್ತದೆ. ಹಗ್ಗವು ಅಲ್ಲಿಯವರೆಗೆ ಬರುವುದಿಲ್ಲ.

ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ಪ್ರಾಣಿಯಿದೆ. ಇದರ ಗಂಡಿಗೆ ನಾಲ್ಕು ಕೊಂಬುಗಳು. ಇದರ ರಕ್ಷಣೆಗಾಗಿಯೇ 2011ರಲ್ಲಿ ಸುಮಾರು 77 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕೊಂಡುಕುರಿಗೂ ಬೇಸಿಗೆ ಕಷ್ಟದ ಕಾಲವೇ. ನೀರಿನ ಆಸರೆ ಬಿಟ್ಟು ಅದು ಬಹುದೂರ ಹೋಗಲಾರದು. ಆದರೂ ಯಾವ ಪೊದೆಯ ಕೆಳಗೆ ಮಲಗಬೇಕು, ಯಾವ ಹೊತ್ತಿನಲ್ಲಿ ಹೊಂಡಕ್ಕೆ ಇಳಿಯಬೇಕು ಎಂಬುದನ್ನು ಅದು ತಾನೇ ನಿರ್ಧರಿಸುತ್ತದೆ. ಹಟ್ಟಿಯ ಹಸು, ಬೇಲಿಯ ಆಡು, ಬಾಗಿಲ ನಾಯಿ, ಗೂಡಿನ ಕೋಳಿ ಇವುಗಳಿಗೆ ಆ ಸ್ವಾತಂತ್ರ್ಯವಿಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನು ಅದನ್ನು ಅವುಗಳಿಂದ ಪಡೆದುಕೊಂಡನು. ಹೀಗಿರುವಾಗ ಅವು ಹುಡುಕಿಕೊಳ್ಳಬಹುದಾಗಿದ್ದ ನೆರಳನ್ನೂ ನೀರನ್ನೂ ಒದಗಿಸುವ ಹೊಣೆ ಕಟ್ಟಿದವನ ಮೇಲೆಯೇ ಬೀಳುತ್ತದೆ.

ಬಿಸಿಲು ಪ್ರಾಣಿಯ ದೇಹವನ್ನು ಹೇಗೆ ಕಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಹಸುವಿನ ಮೈಯ ಸಹಜ ಉಷ್ಣತೆ ಸುಮಾರು 38.6 ಡಿಗ್ರಿ ಸೆಲ್ಸಿಯಸ್. ಮೇವು ಜೀರ್ಣವಾಗುವಾಗ, ಸ್ನಾಯುಗಳು ದುಡಿಯುವಾಗ, ಕೆಚ್ಚಲಿನಲ್ಲಿ ಹಾಲು ಉತ್ಪತ್ತಿಯಾಗುವಾಗ ದೇಹದೊಳಗೆ ಶಾಖ ಹುಟ್ಟುತ್ತಲೇ ಇರುತ್ತದೆ. ಗಾಳಿಯು ಮೈಗಿಂತ ತಣ್ಣಗಿದ್ದರೆ ಈ ಶಾಖವು ತಾನಾಗಿ ಹೊರಕ್ಕೆ ಹರಿಯುತ್ತದೆ. ಆದರೆ ಗಾಳಿಯೇ 39 ಡಿಗ್ರಿಯಷ್ಟು ಬಿಸಿಯಾದಾಗ ಶಾಖ ಹರಿಯುವುದಾದರೂ ಎಲ್ಲಿಗೆ? ಆಗ ಉಳಿಯುವ ದಾರಿ ಒಂದೇ: ನೀರನ್ನು ಆವಿಯಾಗಿಸುವುದು. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಬೆವರುವುದೂ ತೇಕುವುದೂ ಈ ಒಂದೇ ಕೆಲಸದ ಎರಡು ರೀತಿಗಳು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೇಸಿಗೆಯಲ್ಲಿ ನೀರು ಕೇವಲ ದಾಹ ತಣಿಸುವ ವಸ್ತುವಲ್ಲ. ಮೈಯ ಉಷ್ಣತೆಯನ್ನು ಹಿಡಿದು ನಿಲ್ಲಿಸುವ ಸಾಧನವೇ ಅದು. ನೀರು ತೀರಿದರೆ ಮೈ ಕಾಯತೊಡಗುತ್ತದೆ, ಕಾದ ಮೈ ಬಹಳ ಹೊತ್ತು ಉಳಿಯಲಾರದು.

ಎಲ್ಲ ಪ್ರಾಣಿಗಳಿಗೂ ಈ ಶಕ್ತಿ ಒಂದೇ ಸಮನಾಗಿ ದೊರೆತಿಲ್ಲ. ಹಳ್ಳಿಕಾರ್, ಅಮೃತಮಹಲ್ ಮೊದಲಾದ ನಮ್ಮ ನಾಡತಳಿಗಳ ಚರ್ಮ ಸಡಿಲ, ಕೂದಲು ಗಿಡ್ಡ, ಕೊರಳ ಕೆಳಗೆ ಜೋಲುವ ಗಂಗೆದೊಗಲು. ಬೆವರಿನ ಗ್ರಂಥಿಗಳೂ ಹೆಚ್ಚು. ಬಿಸಿಲನ್ನು ಇವು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಯೂರೋಪಿನ ತಂಪುನಾಡಿನಿಂದ ಬಂದ ಹೋಲ್‌ಸ್ಟೀನ್ ತಳಿಯ ರಕ್ತವುಳ್ಳ ಮಿಶ್ರತಳಿ ಹಸುಗಳ ಸ್ಥಿತಿ ಬೇರೆ. ಗಾಳಿಯ ಉಷ್ಣತೆ 25, 26 ಡಿಗ್ರಿ ದಾಟುತ್ತಲೇ ಅವುಗಳಿಗೆ ಸೆಕೆ ತಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸುವಿನ ಮೈಯೊಳಗೆ ಹೆಚ್ಚು ಶಾಖವೂ ಹುಟ್ಟುವುದರಿಂದ, ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಯುವ ಹಸುವೇ ಎಲ್ಲಕ್ಕಿಂತ ಮೊದಲು ಬಿಸಿಲಿಗೆ ಸೋಲುತ್ತದೆ. ಬಿಸಿಲಿಗೆ ಬಳಲಿದ ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಎಷ್ಟೋ ವೇಳೆ ಬೆದೆಗೆ ಬಂದರೂ ಗಬ್ಬ ನಿಲ್ಲುವುದಿಲ್ಲ. ಡೇರಿಯ ಹಾಲಿನ ಹಣದಿಂದ ಸಂಸಾರ ಸಾಗಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಎಮ್ಮೆಯ ಕಷ್ಟ ಇದಕ್ಕಿಂತ ಹೆಚ್ಚಿನದು. ಅದರ ಚರ್ಮ ಕಪ್ಪು, ಆದುದರಿಂದ ಬಿಸಿಲನ್ನು ಹೀರುತ್ತದೆ. ಕೂದಲು ವಿರಳ, ಆದುದರಿಂದ ಮರೆಯಿಲ್ಲ. ಬೆವರಿನ ಗ್ರಂಥಿಗಳು ದನಕ್ಕಿಂತ ಬಹಳ ಕಡಮೆ. ಈ ಮೂರು ಕೊರತೆಗಳನ್ನೂ ಎಮ್ಮೆ ಒಂದೇ ಉಪಾಯದಿಂದ ತುಂಬಿಕೊಳ್ಳುತ್ತದೆ: ಕೆರೆಯ ಕೆಸರಿಗೆ ಇಳಿದು ಮಲಗುತ್ತದೆ. ನೋಡುವವರಿಗೆ ಅದು ಸೋಮಾರಿತನವಾಗಿ ಕಂಡೀತು. ವಾಸ್ತವವಾಗಿ ಮೈಗೆ ಮೆತ್ತಿದ ಕೆಸರಿನ ತೇವವು ಬರಿಯ ನೀರಿಗಿಂತ ನಿಧಾನವಾಗಿ ಆರುವುದರಿಂದ ತಂಪು ಬಹಳ ಹೊತ್ತು ನಿಲ್ಲುತ್ತದೆ. ನೊಣಗಳ ಕಾಟವೂ ತಪ್ಪುತ್ತದೆ. ಕೆರೆ ಬತ್ತಿದ ಊರಿನಲ್ಲಿ ಎಮ್ಮೆಯನ್ನು ಸಾಕುವವರು ಹೊತ್ತಿಗೆ ಎರಡು ಮೂರು ಸಲವಾದರೂ ಅದರ ಮೈಮೇಲೆ ನೀರು ಹೊಯ್ಯಲೇಬೇಕು. ನೀರಿಗೆ ಅಭಾವವಿದ್ದರೆ ನೆನೆಸಿದ ಗೋಣಿತಟ್ಟನ್ನು ಬೆನ್ನಿಗೆ ಹೊದಿಸಿ, ಗಾಳಿಯಾಡುವ ಕಡೆ ನಿಲ್ಲಿಸಬಹುದು. ಗಾಳಿಯಾಡದ ಕೊಟ್ಟಿಗೆಯಲ್ಲಿ ನೀರು ಚೆಲ್ಲಿದರೆ ಮಾತ್ರ ಸೆಕೆ ಇನ್ನಷ್ಟು ಹೆಚ್ಚುತ್ತದೆ. ಆವಿಯನ್ನು ಒಯ್ಯಲು ಅಲ್ಲಿ ಗಾಳಿಯಿರುವುದಿಲ್ಲ.

ಕುರಿಯ ಉಣ್ಣೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಉಣ್ಣೆಯನ್ನು ಬುಡಸಮೇತ ಬೋಳಿಸಿದರೆ ಕುರಿಗೆ ತಂಪೆಂದು ಕೆಲವರು ಭಾವಿಸುತ್ತಾರೆ. ಉಣ್ಣೆಯು ಚಳಿಯನ್ನು ತಡೆಯುವಂತೆ ಸುಡುವ ಬಿಸಿಲನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಬೇಸಿಗೆ ಬಲಿಯುವ ಮೊದಲೇ ಉಣ್ಣೆ ಕತ್ತರಿಸಿ, ಬಿಸಿಲು ಏರುವಷ್ಟರಲ್ಲಿ ಮೈಮೇಲೆ ತುಸು ಉಣ್ಣೆ ಬೆಳೆದಿರುವಂತೆ ನೋಡಿಕೊಳ್ಳುವ ಕುರುಬರ ಪದ್ಧತಿ ಹೆಚ್ಚು ಬುದ್ಧಿವಂತಿಕೆಯದು. ಕಡುಬಿಸಿಲಿನಲ್ಲಿ ಬಯಲಿಗೆ ಸಿಕ್ಕಿಕೊಂಡ ಕುರಿಗಳು ತಲೆ ತಗ್ಗಿಸಿ ಒಂದರ ಹೊಟ್ಟೆಯ ಕೆಳಗೆ ಒಂದು ಮುಖ ಹುದುಗಿಸಿ ಗುಂಪುಗೂಡುವುದನ್ನು ಎಲ್ಲರೂ ಕಂಡಿರುತ್ತಾರೆ. ಬೇರೆ ನೆರಳು ದೊರೆಯದ ಜೀವಿಗಳು ತಮ್ಮ ತಮ್ಮ ನೆರಳನ್ನೇ ಹಂಚಿಕೊಳ್ಳುವ ಬಗೆ ಅದು.

ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಮೈಯ ಉಷ್ಣತೆಯೂ 41, 42 ಡಿಗ್ರಿಗಳಷ್ಟು ಹೆಚ್ಚಿನದು. ಸೆಕೆಯಾದಾಗ ಅದು ರೆಕ್ಕೆಗಳನ್ನು ಮೈಯಿಂದ ಬಿಡಿಸಿ, ಕೊಕ್ಕು ತೆರೆದು, ಗಂಟಲನ್ನು ಅದುರಿಸುತ್ತಾ ತೇಕುತ್ತದೆ. ಈ ತೇಕುವಿಕೆಗೂ ಮೊಟ್ಟೆಗೂ ಇರುವ ಸಂಬಂಧ ಸ್ವಾರಸ್ಯವಾದುದು. ಬೇಗಬೇಗನೆ ಉಸಿರು ಬಿಡುವಾಗ ರಕ್ತದಲ್ಲಿರುವ ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿ ಹೊರಟುಹೋಗುತ್ತದೆ. ಮೊಟ್ಟೆಯ ಚಿಪ್ಪು ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ತಯಾರಿಕೆಗೆ ಬೇಕಾದ ಕಾರ್ಬೊನೇಟ್ ಆ ಕಾರಣದಿಂದ ಸಾಲದಾಗುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಬೇಗ ಒಡೆಯುವುದಕ್ಕೆ ಇದೂ ಒಂದು ಕಾರಣ. ಕೋಳಿಗಳಿಗೆ ಮಣ್ಣಿನ ಪಾತ್ರೆಯಲ್ಲಿ ತಣ್ಣೀರಿಟ್ಟು, ನಡುಹಗಲಿನಲ್ಲಿ ಕಾಳು ಹಾಕದೆ, ಗೂಡಿನಲ್ಲಿ ಒತ್ತೊತ್ತಾಗಿ ತುಂಬದೆ ಇದ್ದರೆ ಅರ್ಧ ಅಪಾಯ ಕಳೆದಂತೆ.

ನಾಯಿಯು ಅಂಗಾಲಿನಲ್ಲಿ ಮಾತ್ರ ತುಸು ಬೆವರುತ್ತದೆ. ಉಳಿದುದೆಲ್ಲ ನಾಲಗೆಯ ಕೆಲಸ. ಉದ್ದ ಮೂತಿಯ, ತೆಳ್ಳನೆಯ ಮೈಯ ಮುಧೋಳ ನಾಯಿ ಈ ನಾಡಿನ ಬಿಸಿಲಿಗೆ ಹೊಂದಿಕೊಂಡ ತಳಿ. ಈಚೆಗೆ ಪಟ್ಟಣಗಳಲ್ಲಿ ಪ್ರೀತಿಗೆಂದು ಸಾಕುವ ಚಪ್ಪಟೆ ಮೂತಿಯ ಪಗ್ ಮೊದಲಾದ ನಾಯಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಸಾಧಾರಣ ಸೆಕೆಯಲ್ಲಿಯೂ ಅವು ಏದುಸಿರು ಬಿಡುತ್ತವೆ. ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟುಹೋಗುವುದು, ಅರ್ಧ ಗಂಟೆಯ ಮಟ್ಟಿಗಾದರೂ ಸರಿಯೆ, ಅದರ ಪ್ರಾಣಕ್ಕೆ ಎರವಾಗಬಹುದು. ಮಧ್ಯಾಹ್ನದ ಡಾಂಬರು ರಸ್ತೆಯ ಮೇಲೆ ಅದನ್ನು ನಡೆಸುವ ಮುನ್ನ ಹಿಂಗೈಯನ್ನು ನೆಲಕ್ಕೆ ಒತ್ತಿ ನೋಡುವುದು ಒಳ್ಳೆಯದು. ಕೈ ತಾಳದ ಬಿಸಿಯನ್ನು ಅಂಗಾಲೂ ತಾಳದು. ಬೆಕ್ಕಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮನೆಯ ಅತ್ಯಂತ ತಂಪಾದ ಮೂಲೆ ಯಾವುದೆಂದು ತಿಳಿಯಬೇಕಾದರೆ ಬೆಕ್ಕು ಎಲ್ಲಿ ಮಲಗಿದೆಯೆಂದು ನೋಡಿದರೆ ಸಾಕು. ಇನ್ನು ಪಂಜರದ ಗಿಣಿ: ನಮ್ಮ ನಾಡಿನ ಗಿಣಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದುದರಿಂದ ಅದರ ಬೇಸಿಗೆಯ ಯೋಗಕ್ಷೇಮದ ಪ್ರಶ್ನೆ ಇಲ್ಲಿ ಏಳಬೇಕಾದುದೇ ಇಲ್ಲ.

ನೆರಳಿನ ವಿಷಯಕ್ಕೆ ಮರಳಿ ಬರೋಣ. ಬಯಲುಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದನಕರುಗಳಿಗೂ ಒಳಗೆಯೇ ಎಡೆಯಿತ್ತು. ದಪ್ಪ ಗೋಡೆ, ಮೇಲೆ ಮಣ್ಣಿನ ಹೊದಿಕೆ. ಹಗಲಿನ ಬಿಸಿ ಒಳಗೆ ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಬೆಳಕು ಕಡಮೆ, ಗಂಜಲದ ವಾಸನೆ ಹೆಚ್ಚು ಎಂಬ ದೋಷಗಳಿದ್ದುದು ನಿಜ. ಅವುಗಳನ್ನು ನಿವಾರಿಸಲೆಂದು ದನಗಳನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿದ್ದೂ ಸರಿಯೇ. ಆದರೆ ಆ ಕೊಟ್ಟಿಗೆಗೆ ತಗ್ಗಾಗಿ ತಗಡು ಹೊದಿಸಿದಾಗ ಇನ್ನೊಂದು ದೋಷ ಹುಟ್ಟಿಕೊಂಡಿತು. ಕಾದ ತಗಡು ಒಲೆಯ ಮೇಲಿನ ಹೆಂಚಿನಂತೆ ಕೆಳಗಿದ್ದವರ ಮೇಲೆ ಶಾಖವನ್ನು ಸುರಿಸುತ್ತದೆ. ಅದರ ಕೆಳಗೆ ಬಿಸಿಲಿಲ್ಲದಿದ್ದರೂ ತಂಪಿಲ್ಲ. ಮಾಡನ್ನು ಎತ್ತರಿಸುವುದು, ತಗಡಿನ ಮೇಲೆ ತೆಂಗಿನ ಗರಿ ಅಥವಾ ಸೋಗೆ ಹೊದಿಸುವುದು, ಅದೂ ಆಗದಿದ್ದರೆ ಸುಣ್ಣ ಬಳಿಯುವುದು ಹೆಚ್ಚು ಖರ್ಚಿಲ್ಲದ ಪರಿಹಾರಗಳು. ಹೊಸದಾಗಿ ಕಟ್ಟುವವರು ಕೊಟ್ಟಿಗೆಯ ಉದ್ದವು ಮೂಡಣ ಪಡುವಣವಾಗಿರುವಂತೆ ಕಟ್ಟಿದರೆ ಇಳಿಬಿಸಿಲು ಒಳಗೆ ನುಗ್ಗುವುದು ಕಡಮೆ. ಇವೆಲ್ಲಕ್ಕಿಂತ ಮಿಗಿಲಾದುದು ಮರದ ನೆರಳು. ಹೊಂಗೆಯ ಮರವು ಉಳಿದ ಮರಗಳು ಬೋಳಾಗಿ ನಿಂತಿರುವ ಚೈತ್ರದಲ್ಲಿಯೇ ಹೊಸ ಎಲೆ ತುಂಬಿಕೊಂಡು ನಿಲ್ಲುತ್ತದೆ. ನೆರಳು ಬೇಕಾದ ಕಾಲಕ್ಕೆ ಸರಿಯಾಗಿ ನೆರಳು ಕೊಡುವ ಈ ಮರವನ್ನು ಹಿರಿಯರು ಕಣದ ಬದಿಗೂ ಹಟ್ಟಿಯ ಮುಂದಕ್ಕೂ ಸುಮ್ಮನೆ ನೆಟ್ಟವರಲ್ಲ.

ನೀರಿನ ಲೆಕ್ಕ ಹೀಗಿದೆ. ದೊಡ್ಡ ಹಸುವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 50ರಿಂದ 60 ಲೀಟರ್ ನೀರು ಬೇಕು. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವುದರಿಂದ ಕರೆಯುವ ಹಸುವಿಗೆ ಇನ್ನೂ ಹೆಚ್ಚು ಬೇಕು. ಎರಡು ಎತ್ತು, ಒಂದು ಹಸು, ಒಂದು ಎಮ್ಮೆ ಇರುವ ಮನೆಯಲ್ಲಿ ದಿನಕ್ಕೆ ಹದಿನೈದು ಕೊಡಗಳಿಗೂ ಮೀರಿ ನೀರು ಹೊರಬೇಕಾಗುತ್ತದೆ. ಬೀದಿಯ ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಈ ಹದಿನೈದು ಕೊಡಗಳ ಭಾರವೆಷ್ಟೆಂಬುದು ಹೊತ್ತವರಿಗೇ ಗೊತ್ತು. ಬೇಸಿಗೆಯ ರಜೆಯಲ್ಲಿ ಈ ಹೊರೆ ಬಹುಪಾಲು ಮನೆಯ ಮಕ್ಕಳ ಹೆಗಲಿಗೇ ಬರುತ್ತದೆ. ಇಷ್ಟು ಕಷ್ಟಪಟ್ಟು ತಂದ ನೀರನ್ನು ಬಿಸಿಲಿನಲ್ಲಿರುವ ಸಿಮೆಂಟು ತೊಟ್ಟಿಗೆ ಹೊಯ್ದರೆ ಮಧ್ಯಾಹ್ನಕ್ಕೆ ಅದು ಬಿಸಿಯಾಗಿ, ಬಾಯಾರಿದ ದನವೂ ಮೂಸಿ ನೋಡಿ ಮುಖ ತಿರುಗಿಸುತ್ತದೆ. ತೊಟ್ಟಿಯ ಮೇಲೊಂದು ಚಪ್ಪರ ಹಾಕುವುದು ಇನ್ನೆರಡು ಕೊಡ ಹೊರುವುದಕ್ಕಿಂತ ಸುಲಭ. ಒಣಮೇವನ್ನು ಬೆಳಗಿನ ಜಾವ ಮತ್ತು ಸಂಜೆಯ ನಂತರ ಹಾಕಬೇಕು. ನಾರುಳ್ಳ ಸೊಪ್ಪೆ ಜೀರ್ಣವಾಗುವಾಗ ಹೊಟ್ಟೆಯೊಳಗೆ ಹುಟ್ಟುವ ಶಾಖವು ನಡುಹಗಲಿನ ಸೆಕೆಯೊಡನೆ ಸೇರಬಾರದು.

ದನಗಳ ನೀರಿಗಾಗಿ ಬೇರೆಯೇ ಏರ್ಪಾಡು ಮಾಡುವ ಪದ್ಧತಿ ಈ ಸೀಮೆಗೆ ಹೊಸದಲ್ಲ. ಊರ ಹೊರಗೆ, ದನಗಳು ಮೇಯಲು ಹೋಗುವ ದಾರಿಯಲ್ಲಿ ಮಳೆಯ ನೀರು ನಿಲ್ಲುವಂತೆ ಕಟ್ಟಿದ ಗೋಕಟ್ಟೆಗಳು ಚಿತ್ರದುರ್ಗ, ದಾವಣಗೆರೆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಇವೆ. ಕೆಲವು ಹೂಳು ತುಂಬಿ ಹೊಂಡದ ಗುರುತಾಗಿ ಉಳಿದಿವೆ. ಕೆಲವು ಹೊಲಗಳಲ್ಲಿ ಕರಗಿಹೋಗಿವೆ. ತುಂಗಭದ್ರೆಯ ನೀರನ್ನು ಎತ್ತಿ ತಂದು ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯೊಂದು ಈಚೆಗೆ ರೂಪುಗೊಂಡಿದೆ. ದೊಡ್ಡ ಕೆರೆಗೆ ಹೊಳೆಯ ನೀರು ಬರುವುದು ದೊಡ್ಡ ಭಾಗ್ಯವೇ ಸರಿ. ಆದರೆ ಮೇಯುವ ದನ ನಾಲ್ಕು ಮೈಲಿ ದೂರದ ಕೆರೆಗೆ ನಡುಮಧ್ಯಾಹ್ನ ನಡೆದು ಹೋಗಲಾರದು. ಅದಕ್ಕೆ ಹತ್ತಿರದ ಗೋಕಟ್ಟೆಯೇ ಗತಿ.

ಬೇಸಿಗೆಯನ್ನು ಎದುರಿಸಲು ಹಿಂದೆ ರಾಜ್ಯವೇ ಯೋಜನೆ ಮಾಡಿದ ನಿದರ್ಶನವೊಂದುಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಎಂದರೆ 17ನೆಯ ಶತಮಾನದ ಕೊನೆಯಲ್ಲಿ, ಅರಮನೆಯ ದನಗಳ ಪಾಲನೆಗೆ ಬೆಣ್ಣೆ ಚಾವಡಿಯೆಂಬ ಇಲಾಖೆಯಿತ್ತು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಸೈನ್ಯದ ಫಿರಂಗಿಗಳನ್ನು ಎಳೆಯುತ್ತಿದ್ದ ಪ್ರಸಿದ್ಧ ಎತ್ತುಗಳು ಈ ಮಂದೆಗಳಲ್ಲಿ ಹುಟ್ಟಿದವು. ಇವುಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳನ್ನು ಕಾವಲುಗಳೆಂದು ಕರೆಯುತ್ತಿದ್ದರು. ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರು ಬಗೆ. ಬೇಸಿಗೆಯ ಕಾವಲುಗಳು ಸಾಮಾನ್ಯವಾಗಿ ಕೆರೆಯಂಗಳದ ಹಸುರೂ ಮರದ ನೆರಳೂ ಇದ್ದ ಸ್ಥಳಗಳು. ಹುಲ್ಲು ಒಣಗುವ ಮೊದಲೇ ಮಂದೆಗಳು ಅತ್ತ ಸಾಗುತ್ತಿದ್ದವು. ನೆರಳು ಸರಿದ ಕಡೆಗೆ ದನವೂ ಸರಿಯಬೇಕೆಂಬ ತತ್ತ್ವವನ್ನೇ ಒಂದು ಗೂಟದ ಮಟ್ಟಿಗಲ್ಲ, ಇಡೀ ನಾಡಿನ ಮಟ್ಟಿಗೆ ಅನ್ವಯಿಸಿದಂತಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನ ಕೇಂದ್ರ ಈಗಲೂ ಇದೆ. ಕಾವಲುಗಳ ವಿಸ್ತಾರ ಮಾತ್ರ ಬಹಳ ಕುಗ್ಗಿದೆ.

ಬಡವರೂ ಇದೇ ತತ್ತ್ವವನ್ನು ಅನುಸರಿಸುತ್ತಾ ಬಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಕುರಿಗಾಹಿಗಳು ಕಂಬಳಿ ಹೊದ್ದು, ಮರಿಗಳನ್ನು ಕತ್ತೆಯ ಮೇಲೋ ಕುದುರೆಯ ಮೇಲೋ ಹೊರಿಸಿ, ಮಂದೆಯೊಡನೆ ನೀರಾವರಿಯ ಸೀಮೆಗಳತ್ತ ನಡೆಯುತ್ತಾರೆ. ಅಲ್ಲಿ ಕೊಯ್ದ ಗದ್ದೆಯಲ್ಲಿ ಮಂದೆ ನಿಲ್ಲಿಸಿದರೆ ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಸೀಮೆಗಳ ಮ್ಯಾಸಬೇಡರು ದೇವರ ಎತ್ತುಗಳೆಂಬ ಮಂದೆಗಳನ್ನು ಸಾಕುತ್ತಾರೆ. ಇವುಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ; ಕಿಲಾರಿಗಳೆಂಬ ಕಾವಲುಗಾರರು ಇವುಗಳೊಡನೆಯೇ ಅಡವಿಯಲ್ಲಿ ಬಾಳುತ್ತಾರೆ. ಬರಗಾಲದಲ್ಲಿ ಈ ಮಂದೆಗಳ ಕಷ್ಟ ಹೇಳತೀರದು. ಮಾರಲಾಗದ ದನಕ್ಕೆ ಮೇವು ಹೊಂದಿಸಲೇಬೇಕು.

ಸಾಮಾನ್ಯ ರೈತನು ಮಾರಿಬಿಡುತ್ತಾನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂಥ ವರ್ಷದ ಬೇಸಿಗೆಯಲ್ಲಿ ಬಣವೆ ಕರಗಿದಂತೆ ಎತ್ತುಗಳು ಸಂತೆಗೆ ಬರುತ್ತವೆ. ಎಲ್ಲರೂ ಮಾರುವವರೇ ಆದಾಗ ಬೆಲೆ ಬೀಳುತ್ತದೆ. ಮಳೆ ಬಂದು ಎಲ್ಲರೂ ಕೊಳ್ಳುವವರಾದಾಗ ಏರುತ್ತದೆ. ಏಪ್ರಿಲಿನಲ್ಲಿ ಮಾರಿದ ಜೋಡಿಯನ್ನು ಜೂನಿನಲ್ಲಿ ಕೊಳ್ಳಲಾರದೆ ಬಾಡಿಗೆಯ ಟ್ರಾಕ್ಟರಿಗಾಗಿ ಕಾಯುವವರು ಹದ ಕಳೆದುಕೊಳ್ಳುತ್ತಾರೆ. ಬರದ ವರ್ಷಗಳಲ್ಲಿ ಸರ್ಕಾರವು ಗೋಶಾಲೆಗಳನ್ನೂ ಮೇವಿನ ಬ್ಯಾಂಕುಗಳನ್ನೂ ತೆರೆಯುವುದುಂಟು. ಅವು ತೆರೆಯುವ ಹೊತ್ತಿಗೆ ದನ ಇನ್ನೂ ಹಟ್ಟಿಯಲ್ಲಿ ಉಳಿದಿರಬೇಕು. ಕೊಯ್ಲಿನ ಕಾಲದಲ್ಲಿಯೇ ಮೆಕ್ಕೆಜೋಳದ ದಂಟನ್ನು ಹೊಲದಲ್ಲಿ ಸುಡದೆ, ಶೇಂಗಾ ಹೊಟ್ಟನ್ನು ಗಾಳಿಗೆ ಬಿಡದೆ ಕೂಡಿಟ್ಟವನ ಬಣವೆ ಒಂದು ತಿಂಗಳಾದರೂ ಹೆಚ್ಚು ಬಾಳುತ್ತದೆ. ಆ ಒಂದು ತಿಂಗಳೇ ಎಷ್ಟೋ ಸಲ ಎತ್ತು ಉಳಿಯುವುದನ್ನೂ ಹೋಗುವುದನ್ನೂ ನಿರ್ಧರಿಸುತ್ತದೆ.

ಈ ಹೊಣೆ ಕೇವಲ ಕರುಣೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಸಾಕಿದ ಪ್ರಾಣಿಗೆ ಸಾಕಷ್ಟು ಮೇವು, ನೀರು, ಆಸರೆ ಕೊಡದಿರುವುದನ್ನೂ, ಅತಿ ಗಿಡ್ಡ ಹಗ್ಗ ಅಥವಾ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದನ್ನೂ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಅಪರಾಧವೆಂದು ಎಣಿಸುತ್ತದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ನಿಯಮಗಳ ಪ್ರಕಾರ, ಉಷ್ಣತೆಯು 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆಯವರೆಗೆ ಎತ್ತುಗಳನ್ನು ಗಾಡಿಗೆ ಹೂಡುವಂತಿಲ್ಲ. ಬಿಸಿಲೇರಿದ ಮೇಲೆ ನೊಗ ಇಳಿಸುವ ಹಳೆಯ ರೈತನಿಗೆ ಈ ನಿಯಮ ತಿಳಿದಿರಲಾರದು. ಆದರೂ ಅವನು ಅದನ್ನು ಪಾಲಿಸುತ್ತಾ ಬಂದಿದ್ದಾನೆ.

ಎಷ್ಟು ಎಚ್ಚರ ವಹಿಸಿದರೂ ಕೆಲವೊಮ್ಮೆ ಪ್ರಾಣಿಗೆ ಬಿಸಿಲು ಬಡಿಯುವುದುಂಟು. ತಂಪು ಹೊತ್ತಿನಲ್ಲಿ ಹಸು ನಿಮಿಷಕ್ಕೆ ಇಪ್ಪತ್ತು ಮೂವತ್ತು ಬಾರಿ ಉಸಿರಾಡುತ್ತದೆ. ಕೈಗಡಿಯಾರ ಹಿಡಿದು ಅದರ ಪಕ್ಕೆಯ ಏರಿಳಿತವನ್ನು ಎಣಿಸುವುದು ಯಾವ ವಿದ್ಯಾರ್ಥಿಗಾದರೂ ಸಾಧ್ಯ. ಎಣಿಕೆ ಎಂಬತ್ತನ್ನು ಮೀರಿದರೆ, ಹಸು ಬಾಯಿ ತೆರೆದು ಕೊರಳು ಚಾಚಿ ಜೊಲ್ಲು ಸುರಿಸುತ್ತಿದ್ದರೆ, ಮೆಲುಕು ನಿಲ್ಲಿಸಿದ್ದರೆ, ತಡಮಾಡಬಾರದು. ಮೊದಲು ನೆರಳಿಗೆ ಸೇರಿಸಬೇಕು. ತಲೆ, ಕೊರಳು, ತೊಡೆಯ ಸಂದುಗಳಿಗೆ ಒಂದೇ ಸಮನೆ ತಣ್ಣೀರು ಹೊಯ್ದು ಗಾಳಿ ಬೀಸಬೇಕು. ಕುಡಿಯಬಲ್ಲದಾದರೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಪ್ರಜ್ಞೆ ತಪ್ಪಿದ ಪ್ರಾಣಿಯ ಬಾಯಿಗೆ ಗೊಟ್ಟದಿಂದ ನೀರು ಸುರಿಯುವುದು ಬಹಳ ಅಪಾಯದ ಕೆಲಸ. ನೀರು ಶ್ವಾಸಕೋಶಕ್ಕೆ ಇಳಿದು, ಬಿಸಿಲು ಕೊಲ್ಲದಿದ್ದುದನ್ನು ಉಪಚಾರ ಕೊಂದೀತು. ಪಶುವೈದ್ಯರನ್ನು ಕರೆಸಬೇಕು. ಕರ್ನಾಟಕದಲ್ಲಿ 1962 ಎಂಬ ಸಂಖ್ಯೆಗೆ ಕರೆಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೋರಬಹುದು.

ಮೊದಲ ಮಳೆ ಬಿದ್ದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಬೇಸಿಗೆಯ ಕೊನೆಯ ಅಪಾಯ ಆ ಮಳೆಯ ಹಿಂದೆಯೇ ಬರುತ್ತದೆ. ಗಳಲೆ ರೋಗ, ಚಪ್ಪೆ ರೋಗ, ಕುರಿಗಳ ಕರುಳುಬೇನೆ ಇವು ಮಳೆಗಾಲದೊಡನೆ ತಲೆಯೆತ್ತುವುದರಿಂದ ಮೇ ತಿಂಗಳು ಮುಗಿಯುವ ಮೊದಲೇ ಲಸಿಕೆ ಹಾಕಿಸಿರಬೇಕು. ಇನ್ನೊಂದು ಅಪಾಯ ಇದಕ್ಕಿಂತ ಮರೆಯಾದುದು. ಕೊಯ್ದ ಜೋಳದ ಕೂಳೆಗಳು ಮೊದಲ ಹನಿಗೆ ಚಿಗುರುತ್ತವೆ. ಹೊಸದಾಗಿ ಬಿತ್ತಿದ ಜೋಳವೂ ಗೇಣುದ್ದ ಏಳುತ್ತದೆ. ಎರಡು ತಿಂಗಳು ಒಣಸೊಪ್ಪೆ ತಿಂದು ಬೇಸತ್ತ ದನಕ್ಕೆ ಆ ಹಸುರಿಗಿಂತ ಪ್ರಿಯವಾದುದು ಬೇರಿಲ್ಲ. ಆದರೆ ಎಳೆಯ ಜೋಳದಲ್ಲಿ, ಅದರಲ್ಲಿಯೂ ಮಳೆ ಹಿಂದೆಗೆದು ಬಾಡಿದ ಪೈರಿನಲ್ಲಿ, ಹೈಡ್ರೋಸಯಾನಿಕ್ ಆಮ್ಲವೆಂಬ ವಿಷವನ್ನು ಹುಟ್ಟಿಸುವ ವಸ್ತುವಿರುತ್ತದೆ. ಹಸಿದ ದನ ಆತುರದಿಂದ ಮೇದಾಗ ವಿಷ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ; ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು. ಕೆಲವೇ ನಿಮಿಷಗಳಲ್ಲಿ ದನ ಏದುಸಿರು ಬಿಟ್ಟು, ನಡುಗಿ, ನೆಲಕ್ಕುರುಳುತ್ತದೆ. ಪಶುವೈದ್ಯರ ಬಳಿ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದುಗಳ ಚುಚ್ಚುಮದ್ದು ಉಂಟು. ಆದರೆ ಅವರು ಬರುವಷ್ಟು ಸಮಯ ಅನೇಕ ವೇಳೆ ಉಳಿದಿರುವುದಿಲ್ಲ. ಆದುದರಿಂದ ಮೊದಲ ಮಳೆಯ ನಂತರದ ಕೆಲವು ವಾರ, ಜೋಳದ ಪೈರು ಸೊಂಟದೆತ್ತರಕ್ಕೆ ಬೆಳೆಯುವವರೆಗೆ, ದನಗಳನ್ನು ಆ ಹೊಲಗಳತ್ತ ಬಿಡಬಾರದು. ಬೇಸಿಗೆಯುದ್ದಕ್ಕೂ ನೆರಳಿನ ಜೊತೆ ಸರಿಯುತ್ತಾ ಬಂದ ಗೂಟವನ್ನು ಆ ದಿನಗಳಲ್ಲಿ ಭದ್ರವಾಗಿ ಹೊಡೆದು, ಹಗ್ಗದ ಗಂಟನ್ನು ಎರಡು ಸಲ ನೋಡಬೇಕು.